ಅಕ್ಷರ ಸಿಕ್ಕರೂ ಪದ ಸಿಗದಿದ್ದಾಗ: ಐದಕ್ಷರದ ಇಂಗ್ಲಿಷ್ ಪದಗಳನ್ನು ಹುಡುಕುವ ಬಗೆ

ಪ್ರಶ್ನೆ: ನಾನು ಬ್ಯಾಂಕ್ ನೌಕರಿಯಿಂದ ನಿವೃತ್ತನಾದವನು. ಹೊರದೇಶದಲ್ಲಿರುವ ಮೊಮ್ಮಗಳ ಜೊತೆ ಪೈಪೋಟಿಗೆ ಬಿದ್ದು ದಿನವೂ ವರ್ಡಲ್ ಆಡುತ್ತೇನೆ. ಐದಕ್ಷರದ ಇಂಗ್ಲಿಷ್ ಪದವೊಂದನ್ನು ಆರು ಊಹೆಗಳೊಳಗೆ ಕಂಡುಹಿಡಿಯುವ ಆಟವದು; ಊಹೆಯ ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಪದದಲ್ಲಿದ್ದರೂ ಬೇರೆ ಮನೆಯದಾದರೆ ಹಳದಿ, ಪದದಲ್ಲೇ ಇಲ್ಲದಿದ್ದರೆ ಬೂದು ಬಣ್ಣ ಬರುತ್ತದೆ. ಇಂಗ್ಲಿಷ್ ನನಗೆ ಹೊಸದಲ್ಲ. ನೌಕರಿಯುದ್ದಕ್ಕೂ ಅದರಲ್ಲೇ ಪತ್ರವ್ಯವಹಾರ ಮಾಡಿದ್ದೇನೆ. ಆದರೂ ಎ, ಆರ್, ಇ ಎಂಬ ಮೂರು ಅಕ್ಷರಗಳು ಪದದಲ್ಲಿವೆ ಎಂದು ಗೊತ್ತಾದ ಮೇಲೂ ಪದ ಹೊಳೆಯದೆ ಆರು ಅವಕಾಶಗಳೂ ಮುಗಿದುಹೋಗುತ್ತವೆ. ಕೊನೆಯ ನಾಲ್ಕು ಅಕ್ಷರ ಹಸಿರಾದ ಮೇಲೆ ಲೈಟ್, ಫೈಟ್, ನೈಟ್ ಎಂದು ಒಂದೊಂದಾಗಿ ಹಾಕುತ್ತ ಹೋಗಿ ಸೋತದ್ದೂ ಉಂಟು. ಇಂತಿಂಥ ಅಕ್ಷರಗಳಿರುವ ಐದಕ್ಷರದ ಪದಗಳ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅವನ್ನು ಬಾಯಿಪಾಠ ಮಾಡಿದರೆ ಪ್ರಯೋಜನವಿದೆಯೇ? ಮೊದಲ ಪದವಾಗಿ ‘ಅಡ್ಯೂ’ ಹಾಕಬೇಕೆಂದು ಮೊಮ್ಮಗಳು ಹೇಳುತ್ತಾಳೆ. ಅದು ಸರಿಯೇ?

ಉತ್ತರ: ಬಾಯಿಪಾಠ ಬೇಡ. ನಿಮಗೆ ಕೊರತೆಯಾಗಿರುವುದು ಪದಸಂಪತ್ತಲ್ಲ. ‘ಈ ಅಕ್ಷರ ಯಾವ ಪದದಲ್ಲಿದೆ’ ಎಂದು ನೀವು ಕೇಳಿಕೊಳ್ಳುತ್ತಿದ್ದೀರಿ. ‘ಈ ಅಕ್ಷರ ಯಾವ ಮನೆಯಲ್ಲಿ ಕೂರಬಲ್ಲದು’ ಎಂದು ಕೇಳಿಕೊಂಡರೆ ಕೆಲಸ ಅರ್ಧ ಮುಗಿದಂತೆ. ಇಂಗ್ಲಿಷ್ ಕಾಗುಣಿತ ಎಷ್ಟೇ ಅಂಕುಡೊಂಕಾಗಿ ಕಂಡರೂ ಯಾವ ಅಕ್ಷರ ಎಲ್ಲಿ ಬರಬೇಕು ಎಂಬ ವಿಷಯದಲ್ಲಿ ಅದು ಸಾಕಷ್ಟು ಕಟ್ಟುನಿಟ್ಟಾದದ್ದು. ಕೆಳಗಿನ ವಿವರಣೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರಿನಿಂದಲೇ ಬರೆದಿದ್ದೇನೆ: ‘ಎ’ ಎಂದರೆ ಅವರ ವರ್ಣಮಾಲೆಯ ಮೊದಲನೆಯದು, ‘ಇ’ ಎಂದರೆ ಐದನೆಯದು, ‘ಐ’ ಎಂದರೆ ಒಂಬತ್ತನೆಯದು.

ಇಪ್ಪತ್ತಾರು ಅಕ್ಷರಗಳನ್ನು ಐದು ಮನೆಗಳಲ್ಲಿ ಹೇಗೆ ಬೇಕಾದರೂ ಇಡಬಹುದು ಎಂದಾದರೆ 1,18,81,376 ಜೋಡಣೆಗಳಾಗುತ್ತವೆ. ವರ್ಡಲ್ ಆಟದ ಮೂಲ ರೂಪದಲ್ಲಿ ಊಹೆಯಾಗಿ ಒಪ್ಪಿಕೊಳ್ಳುತ್ತಿದ್ದ ಪದಗಳು ಸುಮಾರು 13,000; ಉತ್ತರವಾಗಿ ಬರಬಹುದಾಗಿದ್ದವು 2,315 ಮಾತ್ರ. ಅಂದರೆ ಐದು ಸಾವಿರಕ್ಕೂ ಹೆಚ್ಚು ಜೋಡಣೆಗಳಲ್ಲಿ ಒಂದು ಮಾತ್ರ ಉತ್ತರವಾಗಬಲ್ಲದು. ಉಳಿದದ್ದನ್ನೆಲ್ಲ ಭಾಷೆಯೇ ಮೊದಲು ತಳ್ಳಿಹಾಕಿರುತ್ತದೆ. ಈ ಸಣ್ಣ ಪಟ್ಟಿ ಬಂದ ಬಗೆಯೂ ತಿಳಿದಿರಲಿ. ಆಟವನ್ನು ರೂಪಿಸಿದ ಜಾಶ್ ವಾರ್ಡಲ್ ಅದನ್ನು ತನ್ನ ಸಂಗಾತಿ ಪಲಕ್ ಶಾ ಅವರಿಗಾಗಿ ಮಾಡಿದ್ದರು. ಐದಕ್ಷರದ ಸುಮಾರು 12,000 ಪದಗಳನ್ನು ನೋಡಿ, ಸಾಮಾನ್ಯ ಓದುಗರಿಗೆ ಗೊತ್ತಿರುವಂಥವನ್ನು ಆರಿಸಿಕೊಟ್ಟವರು ಶಾ ಅವರೇ. 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡ ಆಟವನ್ನು 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಪಟ್ಟಿಯಲ್ಲಿ ಆಮೇಲೆ ಕೆಲವು ಬದಲಾವಣೆಗಳಾಗಿವೆ. ಮುಂದೆ ನಾನು ಕೊಡುವ ಅಂಕಿಗಳು ಮೂಲ ಪಟ್ಟಿಯವು.

ಆ ಪಟ್ಟಿಯಲ್ಲಿ ಅತಿ ಹೆಚ್ಚು ಸಲ ಬರುವ ಅಕ್ಷರ ಇ, 1,233 ಸಲ. ಅದರ ಹಿಂದೆ ಎ 979 ಸಲ, ಆರ್ 899 ಸಲ. ಆನಂತರ ಓ, ಟಿ, ಎಲ್, ಐ, ಎಸ್, ಎನ್ ಬರುತ್ತವೆ. ನಿಮ್ಮನ್ನು ಕಾಡಿದ ಮೂರು ಅಕ್ಷರಗಳೇ ಮೊದಲ ಮೂರು ಸ್ಥಾನದಲ್ಲಿವೆ ಎಂಬುದನ್ನು ಗಮನಿಸಿ. ಎಲ್ಲರ ಮನೆಯಲ್ಲೂ ಇರುವ ವಸ್ತು ಸಿಕ್ಕಿದರೆ ಕಳ್ಳ ಯಾರೆಂದು ತಿಳಿಯುವುದಿಲ್ಲವಷ್ಟೆ. ಕ್ಯೂ ಇದೆ ಎಂದು ಗೊತ್ತಾಗಿದ್ದರೆ, ಅದರ ಪಕ್ಕದಲ್ಲಿ ಯು ಇರುವುದು ಹೆಚ್ಚುಕಡಿಮೆ ಖಚಿತವಾಗಿ, ಇಪ್ಪತ್ತೊಂಬತ್ತು ಪದಗಳಷ್ಟೇ ಉಳಿಯುತ್ತಿದ್ದವು.

ಎ, ಆರ್, ಇ ಎಂಬ ಮೂರನ್ನು ಐದು ಮನೆಗಳಲ್ಲಿ ಕೂರಿಸಲು ಲೆಕ್ಕದ ಪ್ರಕಾರ ಅರವತ್ತು ಬಗೆಗಳಿವೆ. ಆದರೆ ಇಂಗ್ಲಿಷ್ ಬಳಸುವುದು ಹೆಚ್ಚಾಗಿ ಎಂಟೊಂಬತ್ತನ್ನು ಮಾತ್ರ. ಇವನ್ನು ಅಚ್ಚುಗಳೆಂದು ಕರೆಯೋಣ.

ಎರಡನೇ ಮನೆಯಲ್ಲಿ ಆರ್, ಮೂರನೆಯದರಲ್ಲಿ ಎ, ಕೊನೆಯಲ್ಲಿ ಇ ಇರುವ ಅಚ್ಚು ಎಲ್ಲಕ್ಕಿಂತ ಫಲವತ್ತಾದದ್ದು: ಕ್ರೇನ್, ಕ್ರೇಟ್, ಗ್ರೇಡ್, ಗ್ರೇಪ್, ಟ್ರೇಡ್, ಟ್ರೇಸ್, ಫ್ರೇಮ್, ಬ್ರೇವ್, ಡ್ರೇಪ್. ಇಲ್ಲಿ ಮೊದಲ ಮನೆಗೆ ಬರುವುದು ಬಿ, ಸಿ, ಡಿ, ಎಫ್, ಜಿ, ಪಿ, ಟಿ ಇವುಗಳಲ್ಲೊಂದು ಎಂದು ಧೈರ್ಯವಾಗಿ ಹೇಳಬಹುದು. ಕೊನೆಯ ಮೂರು ಮನೆಗಳಲ್ಲಿ ಎ-ಆರ್-ಇ ಸಾಲಾಗಿ ಕೂರುವುದು ಇನ್ನೊಂದು ಅಚ್ಚು: ಶೇರ್, ಸ್ಟೇರ್, ಸ್ಪೇರ್, ಸ್ಕೇರ್, ಗ್ಲೇರ್, ಫ್ಲೇರ್, ಅವೇರ್. ಆರ್-ಇ-ಎ ನಡುವಿನ ಮೂರು ಮನೆಗಳಲ್ಲಿ ಬಂದರೆ ಡ್ರೀಮ್, ಕ್ರೀಮ್, ಟ್ರೀಟ್, ಬ್ರೆಡ್, ಗ್ರೇಟ್. ಅದೇ ನಡುವಿನ ಮನೆಗಳಲ್ಲಿ ಇ-ಎ-ಆರ್ ಬಂದರೆ ಹಾರ್ಟ್, ಲರ್ನ್, ಪರ್ಲ್, ಬಿಯರ್ಡ್. ಇ-ಎ-ಆರ್ ಕೊನೆಗೆ ಸರಿದರೆ ಕ್ಲಿಯರ್, ಸ್ಪಿಯರ್, ಸ್ವೇರ್. ಎರಡನೆಯದು ಎ, ಕೊನೆಯ ಎರಡು ಇ-ಆರ್ ಆದರೆ ವಾಟರ್, ಪೇಪರ್, ಲೇಸರ್, ಲೇಟರ್, ಲೇಯರ್. ಎ ಮೊದಲ ಮನೆಗೇ ಹೋದರೆ ಆಫ್ಟರ್, ಆಲ್ಟರ್, ಆಂಗರ್, ಆಂಬರ್. ಆರ್-ಇ ಇಂದ ಶುರುವಾಗುವ ರಿಯಾಕ್ಟ್, ರೆಡಿ, ರಿಲ್ಯಾಕ್ಸ್, ರಿಪೇ ಒಂದು ಗುಂಪು. ಎ-ಆರ್ ಎರಡು ಮೂರನೇ ಮನೆಗಳಲ್ಲಿದ್ದು ಕೊನೆಯಲ್ಲಿ ಇ ಬರುವ ಲಾರ್ಜ್, ಬಾರ್ಜ್, ಕಾರ್ವ್, ಫಾರ್ಸ್ ಇನ್ನೊಂದು. ಇವುಗಳಿಗೆ ಹೊರತಾದ ಅರೀನಾ, ಒಪೆರಾ, ಎಕ್ಸ್‌ಟ್ರಾ ಇಂಥವು ಕಡಿಮೆ.

ಈಗ ಮುಂದಿನ ಊಹೆಗೆ ಟಿ-ಆರ್-ಎ-ಸಿ-ಇ, ಅಂದರೆ ಟ್ರೇಸ್ ಹಾಕಿ ನೋಡಿ. ಆರ್, ಎ, ಇ ಮೂರೂ ಹಸಿರಾದರೆ ಕ್ರೇನ್ ಗುಂಪು. ಎ, ಇ ಹಸಿರಾಗಿ ಆರ್ ಹಳದಿಯಾದರೆ ಶೇರ್ ಗುಂಪು. ಇ ಮಾತ್ರ ಹಸಿರಾದರೆ ಲಾರ್ಜ್ ಗುಂಪು. ಆರ್ ಒಂದೇ ಹಸಿರಾದರೆ ಡ್ರೀಮ್ ಗುಂಪು. ಎ ಒಂದೇ ಹಸಿರಾದರೆ ಹಾರ್ಟ್ ಅಥವಾ ರಿಯಾಕ್ಟ್. ಮೂರೂ ಹಳದಿಯಾಗಿಯೇ ಉಳಿದರೆ ವಾಟರ್, ಆಫ್ಟರ್, ಕ್ಲಿಯರ್, ರಿಲ್ಯಾಕ್ಸ್ ಇವುಗಳ ಕಡೆ ನೋಡಬೇಕು. ಒಂದೇ ಊಹೆಯಲ್ಲಿ ಅಚ್ಚು ಯಾವುದೆಂದು ಹೆಚ್ಚುಕಡಿಮೆ ಗೊತ್ತಾಗುವುದರ ಜೊತೆಗೆ ಟಿ, ಸಿ ಎಂಬ ಎರಡು ಬಳಕೆಯ ವ್ಯಂಜನಗಳ ವಿಚಾರವೂ ಇತ್ಯರ್ಥವಾಗುತ್ತದೆ. ಇಷ್ಟು ಮಾಹಿತಿಯನ್ನು ಯಾವ ಬಾಯಿಪಾಠದ ಪಟ್ಟಿಯೂ ಕೊಡಲಾರದು.

ಮೇಲಿನ ಉದಾಹರಣೆಗಳನ್ನು ನಾನು ಕನ್ನಡದಲ್ಲಿ ಬರೆದಿರುವುದರಿಂದಲೇ ನಮ್ಮವರಿಗಿರುವ ವಿಶೇಷ ತೊಡಕು ನಿಮಗೆ ಕಂಡಿರಬಹುದು. ಕ್ರೇನ್ ಎಂದು ಬರೆದಾಗ ಕೊನೆಯ ಇ ಎಲ್ಲಿಯೂ ಇಲ್ಲ. ಕೇಳಿದಂತೆ ಬರೆಯುವ, ಬರೆದಂತೆ ಓದುವ ಲಿಪಿಯಲ್ಲಿ ಬೆಳೆದವರು ಇಂಗ್ಲಿಷ್ ಪದವನ್ನು ಎಷ್ಟೇ ಚೆನ್ನಾಗಿ ಬಲ್ಲವರಾದರೂ ನೆನಪಿನಿಂದ ಹೊರತೆಗೆಯುವಾಗ ಕಿವಿಯ ದಾರಿಯಲ್ಲಿ ತೆಗೆಯುತ್ತೇವೆ. ‘ಇ ಇಂದ ಕೊನೆಗೊಳ್ಳುವ ಪದ’ ಎಂದು ಮನಸ್ಸನ್ನು ಕೇಳಿದರೆ ಅದು ಇಕಾರದ ಧ್ವನಿಯಿರುವ ಪದಗಳನ್ನು ತರಲು ಹೋಗುತ್ತದೆ. ಆದರೆ ಆ ಧ್ವನಿಯ ಪದಗಳು ಬಹುಪಾಲು ವೈ ಅಕ್ಷರದಿಂದ ಮುಗಿಯುತ್ತವೆ. ಮೂಲ ಪಟ್ಟಿಯಲ್ಲಿ 424 ಪದಗಳು ಇ ಇಂದಲೂ 364 ಪದಗಳು ವೈ ಇಂದಲೂ ಕೊನೆಯಾಗುತ್ತವೆ. ಎರಡೂ ಸೇರಿದರೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಮೊದಲಿನ ಗುಂಪಿನಲ್ಲಿ ಇ ಬಹುತೇಕ ಮೌನವಾಗಿಯೇ ಇದ್ದು ಹಿಂದಿನ ಸ್ವರವನ್ನು ಎಳೆಯುವ ಕೆಲಸವನ್ನಷ್ಟೇ ಮಾಡುತ್ತದೆ. ಹಾಗಾಗಿ ಎಳೆದ ಸ್ವರವೊಂದು ಕೇಳಿ, ಆನಂತರ ಒಂದೇ ವ್ಯಂಜನದ ಧ್ವನಿ ಬಂದು ಪದ ಮುಗಿದರೆ, ಅದರ ಬೆನ್ನಿಗೆ ಕೇಳದ ಇ ಇದೆಯೇ ಎಂದು ನೋಡುವುದು ರೂಢಿಯಾಗಬೇಕು.

ಬ್ರೇಕ್ ಎಂಬ ಒಂದೇ ಉದಾಹರಣೆ ಸಾಕು. ಗಾಡಿ ನಿಲ್ಲಿಸುವ ಬ್ರೇಕ್ ಬಿ-ಆರ್-ಎ-ಕೆ-ಇ. ಮುರಿಯುವುದನ್ನು ಹೇಳುವ ಬ್ರೇಕ್ ಬಿ-ಆರ್-ಇ-ಎ-ಕೆ. ನಮ್ಮ ಕಿವಿಗೆ, ನಮ್ಮ ಲಿಪಿಗೆ ಎರಡೂ ಒಂದೇ. ಎ, ಆರ್, ಇ ಮೂರೂ ಎರಡರಲ್ಲೂ ಇವೆ, ಅಕ್ಷರಗಳ ಸೆಟ್ ಕೂಡ ಒಂದೇ. ಅಚ್ಚು ಮಾತ್ರ ಬೇರೆ. ಒಂದನ್ನು ಹಾಕಿ ಬೂದು ಬಣ್ಣವೇ ಬಾರದಿದ್ದರೂ ಎಲ್ಲವೂ ಹಸಿರಾಗದೆ ಉಳಿದಾಗ ‘ಬ್ರೇಕ್ ಆಗಲೇ ಹಾಕಿದ್ದಾಯಿತಲ್ಲ’ ಎಂದು ಕೈಚೆಲ್ಲುವವರಿದ್ದಾರೆ. ನಮ್ಮ ಪತ್ರಿಕೆಗಳ ಪದಬಂಧ ಬಿಡಿಸಿ ಅಭ್ಯಾಸವಿದ್ದವರಿಗೆ ಇನ್ನೂ ಒಂದು ಕಷ್ಟ: ಅಲ್ಲಿ ಒತ್ತಕ್ಷರವಿರಲಿ, ಗುಣಿತವಿರಲಿ, ಎಲ್ಲವೂ ಒಂದೇ ಮನೆಗೆ ಸೇರುತ್ತವೆ. ಆದ್ದರಿಂದ ಊಹಿಸುವಾಗ ಕಾಗದದ ಮೇಲೆ ಐದು ಗೆರೆ ಎಳೆದು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ, ಬಾಯಲ್ಲಿ ಹೇಳಿಕೊಳ್ಳಬೇಡಿ.

ಅಡ್ಯೂ ವಿಷಯದಲ್ಲಿ ನಿಮ್ಮ ಮೊಮ್ಮಗಳ ಜೊತೆ ಲಕ್ಷಾಂತರ ಮಂದಿ ಇದ್ದಾರೆ. ಎ-ಡಿ-ಐ-ಇ-ಯು ಎಂಬ ಆ ಪದದಲ್ಲಿ ನಾಲ್ಕು ಸ್ವರಗಳಿರುವುದರಿಂದ ಅದು ಜನಪ್ರಿಯವಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಸ್ವರ ಯಾವುದೆಂದು ಗೊತ್ತಾದ ಮಾತ್ರಕ್ಕೆ ಪದದ ಎಲುಬು ಸಿಗುವುದಿಲ್ಲ. ಅದನ್ನು ಕೊಡುವುದು ಆರ್, ಟಿ, ಎಲ್, ಎಸ್, ಎನ್, ಸಿ ಎಂಬ ವ್ಯಂಜನಗಳು. ಜೊತೆಗೆ ಆ ಪದದಲ್ಲಿ ಇ ನಾಲ್ಕನೇ ಮನೆಯಲ್ಲಿದೆ, ಕೊನೆಯ ಯು ಅಂತೂ ಇಂಗ್ಲಿಷ್ ಪದಗಳ ಕೊನೆಯಲ್ಲಿ ಬರುವುದೇ ಅಪರೂಪ. ನ್ಯೂಯಾರ್ಕ್ ಟೈಮ್ಸ್ ತನ್ನ ಆಟಗಾರರ ಊಹೆಗಳನ್ನು ವಿಶ್ಲೇಷಿಸಲು ಇಟ್ಟಿರುವ ವರ್ಡಲ್‌ಬಾಟ್ 2022ರಲ್ಲಿ ಮೊದಲು ಕ್ರೇನ್ ಪದವನ್ನೂ ಆನಂತರ ಸ್ಲೇಟ್ ಪದವನ್ನೂ ಶಿಫಾರಸು ಮಾಡಿತು. ಮೂಲ ಪಟ್ಟಿಯನ್ನಿಟ್ಟುಕೊಂಡು ಗಣಿತದ ದಾರಿಯಲ್ಲಿ ಹೋದವರು ಎಸ್-ಎ-ಎಲ್-ಇ-ಟಿ ಎಂಬ, ಹಳೆಯ ಕಾಲದ ಶಿರಸ್ತ್ರಾಣವೊಂದರ ಹೆಸರನ್ನು ಅತ್ಯುತ್ತಮ ಆರಂಭವೆಂದು ಸಾಧಿಸಿದ್ದಾರೆ. ಅದರಿಂದ ಶುರುಮಾಡಿ ಎಲ್ಲ ಹೆಜ್ಜೆಗಳನ್ನೂ ತಪ್ಪಿಲ್ಲದೆ ಇಟ್ಟರೆ ಸರಾಸರಿ 3.42 ಊಹೆಗಳಲ್ಲಿ ಉತ್ತರ ಸಿಗುತ್ತದೆ. ಆದರೆ ಯಂತ್ರದಂತೆ ಮುಂದಿನ ಹೆಜ್ಜೆ ಇಡಲಾರದ ನಮ್ಮಂಥವರಿಗೆ ಸ್ಲೇಟ್ ಅಷ್ಟೇ ಒಳ್ಳೆಯದು. ಮೂಲ ಪಟ್ಟಿಯಲ್ಲಿ 366 ಪದಗಳು ಎಸ್ ಅಕ್ಷರದಿಂದ ಶುರುವಾಗುತ್ತವೆ, ಬೇರಾವ ಅಕ್ಷರವೂ ಅದರ ಹತ್ತಿರ ಬರುವುದಿಲ್ಲ. ಇ ಕೊನೆಯ ಮನೆಯಲ್ಲಿದೆ. ಅಂದರೆ ಎರಡು ಮುಖ್ಯ ಅಕ್ಷರಗಳೂ ಅವುಗಳಿಗೆ ಅತ್ಯಂತ ಪ್ರಿಯವಾದ ಜಾಗದಲ್ಲೇ ಪರೀಕ್ಷೆಗೊಳಗಾಗುತ್ತವೆ.

ಅಕ್ಷರಗಳ ಬಳಕೆಯ ಅಂಕಿಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಓಡುವ ಬರಹದಲ್ಲಿನ ಎಣಿಕೆ ಬೇರೆ, ಪದಪಟ್ಟಿಯಲ್ಲಿನ ಎಣಿಕೆ ಬೇರೆ. ಪತ್ರಿಕೆಯ ಪುಟವೊಂದನ್ನು ಎಣಿಸಿದರೆ ಇ ನಂತರ ಟಿ ಬರುತ್ತದೆ, ಎಚ್ ಕೂಡ ಮೇಲ್ಪಂಕ್ತಿಯಲ್ಲೇ ಇರುತ್ತದೆ. ‘ದ’, ‘ದಟ್’, ‘ದಿಸ್’, ‘ಹಿ’ ಇಂಥ ಪದಗಳು ಸಾಲುಸಾಲಿಗೂ ಬರುವುದೇ ಕಾರಣ. ಪಟ್ಟಿಯಲ್ಲಿ ಪ್ರತಿ ಪದಕ್ಕೂ ಒಂದೇ ಲೆಕ್ಕವಾದ್ದರಿಂದ ಟಿ ಐದನೆಯದಕ್ಕೆ ಇಳಿಯುತ್ತದೆ, ಎಚ್ ಇನ್ನೂ ಬಹಳ ಕೆಳಗೆ. ತಂತಿಯ ಮೋರ್ಸ್ ಸಂಕೇತದಲ್ಲಿ ಇ ಅಕ್ಷರಕ್ಕೆ ಒಂದೇ ಚುಕ್ಕೆ, ಟಿ ಅಕ್ಷರಕ್ಕೆ ಒಂದೇ ಗೆರೆ ಸಿಕ್ಕಿರುವುದು ಓಡುವ ಬರಹದ ಲೆಕ್ಕದಿಂದ. ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟವನ್ನು 1930ರ ದಶಕದಲ್ಲಿ ರೂಪಿಸಿದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಕೂಡ ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದ ಅಕ್ಷರಗಳನ್ನು ಕೂತು ಎಣಿಸಿದವರು. ನೂರು ಬಿಲ್ಲೆಗಳಲ್ಲಿ ಇ ಹನ್ನೆರಡು ಇವೆ. ಎಸ್ ಮಾತ್ರ ನಾಲ್ಕೇ. ಎಲ್ಲ ಪದಕ್ಕೂ ಎಸ್ ಅಂಟಿಸಿ ಬಹುವಚನ ಮಾಡುವುದು ಸುಲಭವಾಗಬಾರದೆಂದು ಅದನ್ನು ಬೇಕೆಂದೇ ಕಡಿಮೆ ಮಾಡಿದ್ದರು. ವರ್ಡಲ್‌ನಲ್ಲೂ ಎಸ್ ಸೇರಿಸಿದ ಸರಳ ಬಹುವಚನಗಳನ್ನು ಉತ್ತರವಾಗಿ ಇಟ್ಟಿಲ್ಲ. ಮೂಲ ಪಟ್ಟಿಯಲ್ಲಿ ಎಸ್ ಕೊನೆಯಲ್ಲಿರುವ ಪದಗಳು 36 ಮಾತ್ರ, ಗ್ಲಾಸ್, ಡ್ರೆಸ್, ಫೋಕಸ್, ವೈರಸ್ ಈ ಬಗೆಯವು. ಕೊನೆಯ ಮನೆಗೆ ಎಸ್ ಹಾಕುವ ಚಪಲವನ್ನು ಬಿಡುವುದು ಒಳ್ಳೆಯದು.

ಯಾವ ಅಕ್ಷರದ ಪಕ್ಕ ಯಾವುದು ನಿಲ್ಲುತ್ತದೆ ಎಂಬುದು ಗೊತ್ತಿದ್ದರೆ ಖಾಲಿ ಮನೆಗಳು ತಾವಾಗಿಯೇ ತುಂಬುತ್ತವೆ. ಪದದ ಆರಂಭದಲ್ಲಿ ಎಲ್ ಎರಡನೇ ಮನೆಯಲ್ಲಿದ್ದರೆ ಮೊದಲನೆಯದು ಬಿ, ಸಿ, ಎಫ್, ಜಿ, ಪಿ, ಎಸ್ ಇವುಗಳಲ್ಲೊಂದು ಅಥವಾ ಸ್ವರ. ಟಿ ಅಥವಾ ಡಿ ಆಗಿರುವುದಿಲ್ಲ. ಎಚ್ ಎರಡನೆಯದಾದರೆ ಸಿ, ಎಸ್, ಟಿ, ಡಬ್ಲ್ಯೂ, ಪಿ ಮೊದಲು ನೋಡಬೇಕಾದವು, ಗೋಸ್ಟ್ ಪದದ ಜಿ, ರೈಮ್ ಪದದ ಆರ್ ಆಮೇಲೆ. ಕೊನೆಯಲ್ಲಿ ವಿ, ಜೆ, ಕ್ಯೂ ನಿಲ್ಲುವುದು ತೀರಾ ಅಪರೂಪ. ಹಿಂದೆ ಯು ಮತ್ತು ವಿ ಒಂದೇ ಆಕಾರದಲ್ಲಿ ಬರೆಯಲ್ಪಡುತ್ತಿದ್ದುದರಿಂದ ಅದು ವ್ಯಂಜನವೆಂದು ತೋರಿಸಲು ಮುಂದೆ ಒಂದು ಇ ಇಡುವ ರೂಢಿ ಬಂತು, ಅದು ಇಂದಿಗೂ ಉಳಿದಿದೆ: ಸಾಲ್ವ್, ನರ್ವ್, ಕರ್ವ್, ಗ್ಲವ್ ಎಲ್ಲಕ್ಕೂ ಕೊನೆಯಲ್ಲಿ ಇ ಇದೆ. ಐ ಕೊನೆಯಲ್ಲಿ ಬಂದರೆ ಪದ ಹೊರಗಿನಿಂದ ಬಂದದ್ದೆಂದು ತಿಳಿಯಬಹುದು. ಖಾಕಿ, ಧೋತಿ ನಮ್ಮ ಕಡೆಯಿಂದಲೇ ಹೋದವು, ಅಲಿಬಿ ಲ್ಯಾಟಿನ್‌ನದು. ಎ, ಇ, ಐ, ಓ, ಯು ಐದೂ ಇಲ್ಲವೆಂದು ಖಚಿತವಾದಾಗ ಗಾಬರಿಯಾಗದೆ ವೈ ಅಕ್ಷರವನ್ನು ಮೂರನೇ ಅಥವಾ ಎರಡನೇ ಮನೆಯಲ್ಲಿ ಇಟ್ಟು ನೋಡಿ: ಕ್ರಿಪ್ಟ್, ಟ್ರಿಸ್ಟ್, ನಿಂಫ್, ಲಿಂಫ್, ಪಿಗ್ಮಿ.

ಅಕ್ಷರ ಮರುಕಳಿಸಬಹುದು ಎಂಬುದನ್ನೂ ಜನ ಮರೆಯುತ್ತಾರೆ. ಎ, ಆರ್, ಇ ಮೂರನ್ನೇ ಇಟ್ಟುಕೊಂಡು ತಲೆ ಕೆಡಿಸಿಕೊಂಡಿದ್ದಾಗ ಉತ್ತರ ಈಗರ್, ರೇಸರ್ ಅಥವಾ ಇರೇಸ್ ಆಗಿದ್ದರೆ, ಉಳಿದೆರಡು ಮನೆಗಳಿಗೆ ಹೊಸ ಅಕ್ಷರಗಳನ್ನೇ ಹುಡುಕುವವರಿಗೆ ಅದು ಸಿಗುವುದಿಲ್ಲ.

ಹುಡುಕುವ ಸಾಧನ ಬೇಕೆಂದರೆ, ಆಟ ಮುಗಿದ ಮೇಲೆ ಬಳಸಿ. ಒನ್‌ಲುಕ್ ಎಂಬ ನಿಘಂಟು ಹುಡುಕಾಟದಲ್ಲಿ ಗೊತ್ತಿಲ್ಲದ ಪ್ರತಿ ಅಕ್ಷರದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಆ ಅಚ್ಚಿನ ಪದಗಳೆಲ್ಲ ಬರುತ್ತವೆ. ಲಿನಕ್ಸ್ ಅಥವಾ ಮ್ಯಾಕ್ ಗಣಕವಿದ್ದರೆ ಅದರೊಳಗೇ ಒಂದು ಪದಪಟ್ಟಿಯ ಕಡತವಿರುವುದು ಸಾಮಾನ್ಯ. ‘ಗ್ರೆಪ್’ ಎಂಬ ಆಜ್ಞೆಯಲ್ಲಿ ಸಾಲಿನ ಆರಂಭಕ್ಕೆ ^ ಗುರುತು, ಅಂತ್ಯಕ್ಕೆ $ ಗುರುತು, ನಡುವೆ ಐದು ಚುಕ್ಕೆ ಕೊಟ್ಟರೆ ಐದಕ್ಷರದವು ಮಾತ್ರ ಉಳಿಯುತ್ತವೆ. ಅದನ್ನು ಎ ಇರುವವು, ಆರ್ ಇರುವವು, ಇ ಇರುವವು ಎಂದು ಒಂದಾದ ಮೇಲೊಂದು ಜರಡಿ ಹಿಡಿಯಬಹುದು. ಮ್ಯಾಕ್‌ನ ಕಡತ 1934ರ ವೆಬ್‌ಸ್ಟರ್ ನಿಘಂಟಿನಿಂದ ಬಂದದ್ದು, ಸುಮಾರು 2 ಲಕ್ಷ 35 ಸಾವಿರ ಪದಗಳದ್ದು. ಆದ್ದರಿಂದ ಯಾರೂ ಕೇಳಿರದ ಪದಗಳು ರಾಶಿ ಬಿದ್ದರೆ ಆಶ್ಚರ್ಯಪಡಬೇಡಿ. ಆಟದ ನಡುವೆ ಇದನ್ನು ತೆರೆಯುವುದು ಮೊಮ್ಮಗಳಿಗೆ ಮಾಡುವ ಮೋಸವೆಂದೇ ನನ್ನ ಅಭಿಪ್ರಾಯ.

ಬಾಯಿಪಾಠಕ್ಕೆ ಬೆಲೆಯಿರುವುದು ಪಂದ್ಯಾವಳಿಯ ಸ್ಕ್ರ್ಯಾಬಲ್‌ನಲ್ಲಿ. ಕ್ಯೂ ಪಕ್ಕದಲ್ಲಿ ಯು ಇಲ್ಲದ ಫಕೀರ್, ತಲಾಕ್, ನಿಕಾಬ್ ಇಂಥ ಪದಗಳು ಅಲ್ಲಿ ಚಿನ್ನ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತನಾಡಲು ಬಾರದೆಯೇ, ಒಂಬತ್ತು ವಾರ ಪದಪಟ್ಟಿ ಓದಿ, 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು. ಅದು ಅಪೂರ್ವ ನೆನಪಿನ ಶಕ್ತಿಯ ಕೆಲಸ. ದಿನಕ್ಕೊಂದು ಪದದ ಆಟಕ್ಕೆ ಅಷ್ಟು ಬೇಕಿಲ್ಲ.

ಇನ್ನು ನಿಮ್ಮ ಲೈಟ್, ಫೈಟ್ ಸಮಸ್ಯೆ. ಐ-ಜಿ-ಎಚ್-ಟಿ ಹಸಿರಾದಾಗ ಸಾಮಾನ್ಯ ಪದಗಳು ಎಂಟು: ಏಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್. ಒಂದೊಂದಾಗಿ ಹಾಕಿದರೆ ಸೋಲುವ ಸಂಭವವಿದ್ದೇ ಇದೆ. ಬದಲಾಗಿ, ಉತ್ತರವಾಗಲಾರದು ಎಂದು ಗೊತ್ತಿದ್ದೂ ಎಫ್-ಐ-ಎಲ್-ಎಂ-ಎಸ್ ಎಂಬ ಊಹೆಯನ್ನು ಹಾಕಿ. ಎಫ್, ಎಲ್, ಎಂ, ಎಸ್ ಇವುಗಳಲ್ಲಿ ಯಾವುದಕ್ಕೆ ಬಣ್ಣ ಬಂತೋ ಅದೇ ಮೊದಲಕ್ಷರ. ನಾಲ್ಕಕ್ಕೂ ಬಾರದಿದ್ದರೆ ಟಿ-ಆರ್-ಇ-ಎನ್-ಡಿ ಹಾಕಿ: ಟಿ ಹಸಿರಾದರೆ ಟೈಟ್, ಇಲ್ಲವಾದರೆ ಆರ್, ಇ, ಎನ್‌ಗಳಲ್ಲಿ ಹಳದಿಯಾದದ್ದೇ ಮೊದಲ ಮನೆಗೆ ಸೇರುತ್ತದೆ.

ಮೊಮ್ಮಗಳು ಹಾರ್ಡ್ ಮೋಡ್‌ನಲ್ಲಿ ಆಡುವವಳಾದರೆ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಸಿಕ್ಕ ಅಕ್ಷರಗಳನ್ನು ಮುಂದಿನ ಊಹೆಯಲ್ಲಿ ಬಳಸಲೇಬೇಕು. ಆಗ ಮೊದಲ ಪದದ ಆಯ್ಕೆಯೇ ನಿರ್ಣಾಯಕ. ಅಡ್ಯೂ ಹಾಕಿದವರಿಗೆ ಇ ಬೂದಾದರೆ ಎಂಟರಲ್ಲಿ ಏಟ್ ಒಂದೇ ಹೊರಗೆ ಬೀಳುತ್ತದೆ. ಏಳು ಪದಗಳು, ಐದು ಅವಕಾಶಗಳು. ಸ್ಲೇಟ್ ಹಾಕಿದವರಿಗೆ ಎಸ್, ಎಲ್, ಇ ಮೂರೂ ಬೂದಾದರೆ ಸೈಟ್, ಲೈಟ್, ಏಟ್ ಒಟ್ಟಿಗೇ ಹೋಗಿ ಐದು ಪದಗಳು ಉಳಿಯುತ್ತವೆ. ಎರಡನೇ ಊಹೆಗೇ ಆ ಅಚ್ಚು ಹೊಳೆದರೆ, ಐದು ಪದಗಳಿಗೆ ಸರಿಯಾಗಿ ಐದು ಅವಕಾಶಗಳಿರುತ್ತವೆ.